ಹೊಸ ಫರ್ಮ್‌ವೇರ್, ಹಳೆಯ ಪ್ರತಿ

ಕಾಲೇಜಿನ ಕಚೇರಿಯ ಮೂಲೆಯಲ್ಲಿಯೋ ಪ್ರಯೋಗಶಾಲೆಯ ಗೋಡೆಯ ಮೇಲೆಯೋ, ಗಾಜಿನ ಬಾಗಿಲುಳ್ಳ ಕಬ್ಬಿಣದ ಬೀರುವಿನೊಳಗೆ, ಹಸುರು ದೀಪಗಳನ್ನು ಮಿನುಗಿಸುತ್ತ ಕುಳಿತಿರುವ ಚಪ್ಪಟೆಯಾದ ಪೆಟ್ಟಿಗೆಯೊಂದನ್ನು ನಮ್ಮ ವಾಚಕರಲ್ಲಿ ಬಹುಮಂದಿ ಕಂಡಿರಬಹುದು. ಅದರ ಮುಖದಲ್ಲಿ 24 ಅಥವಾ 48 ಕಿಂಡಿಗಳು ಸಾಲಾಗಿರುತ್ತವೆ. ಒಂದೊಂದು ಕಿಂಡಿಗೂ ಒಂದೊಂದು ತಂತಿ ಸಿಕ್ಕಿಸಿರುತ್ತದೆ. ಇದಕ್ಕೆ ನೆಟ್‌ವರ್ಕ್ ಸ್ವಿಚ್ ಎಂದು ಹೆಸರು. ಮನೆಯಲ್ಲಿ ದೀಪ ಹತ್ತಿಸುವ ಸ್ವಿಚ್ಚಿಗೂ ಇದಕ್ಕೂ ಹೆಸರಿನ ನಂಟಲ್ಲದೆ ಬೇರೆ ಹೆಚ್ಚಿನ ನಂಟಿಲ್ಲ. ಗ್ರಂಥಾಲಯದ ಕಂಪ್ಯೂಟರು, ಕಚೇರಿಯ ಕಂಪ್ಯೂಟರು, ಪ್ರಯೋಗಶಾಲೆಯ ಕಂಪ್ಯೂಟರು ಇವೆಲ್ಲ ಒಂದರೊಡನೊಂದು ಮಾತನಾಡುವುದೂ, ಹೊರಗಿನ ಇಂಟರ್ನೆಟ್ಟಿಗೆ ದಾರಿ ಪಡೆಯುವುದೂ ಈ ಪೆಟ್ಟಿಗೆಯ ಮೂಲಕವೇ.

ಈಗ ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಕಾಲೇಜೊಂದರಲ್ಲಿ ಇಂತಹ 12 ಸ್ವಿಚ್ಚುಗಳಿವೆ. ಅವುಗಳ ತಯಾರಕರು ಹೊಸ ಫರ್ಮ್‌ವೇರನ್ನು ಹೊರಡಿಸಿದ್ದಾರೆ. ಹಳೆಯದರಲ್ಲಿ ಒಂದು ದೋಷವಿದೆಯೆಂದೂ ಬೇಗನೆ ಬದಲಾಯಿಸಬೇಕೆಂದೂ ತಿಳಿಸಿದ್ದಾರೆ. ನಾಳೆಯೋ ಪರೀಕ್ಷೆಯ ಅರ್ಜಿ ಸಲ್ಲಿಸಲು ಕಡೆಯ ದಿನ. ಬದಲಾಯಿಸದಿದ್ದರೆ ದೋಷ ಉಳಿಯುತ್ತದೆ. ಬದಲಾಯಿಸುವಾಗ ಎಡವಿದರೆ ನೂರಾರು ವಿದ್ಯಾರ್ಥಿಗಳ ಅರ್ಜಿಗಳು ಉಳಿಯುತ್ತವೆ. ಏನು ಮಾಡತಕ್ಕದ್ದು? ಈ ಪ್ರಶ್ನೆಗೆ ವಿವೇಕದ ಉತ್ತರ ಹೇಳಬೇಕಾದರೆ, ಪೆಟ್ಟಿಗೆಯ ಒಳಗೆ ಏನು ನಡೆಯುತ್ತದೆಂಬುದನ್ನು ಮೊದಲು ಅರಿಯಬೇಕು.

ವಿಂಗಡಣೆಯ ಕೆಲಸ

ರೈಲಿನ ಅಂಚೆ ಡಬ್ಬಿಯಲ್ಲಿ ಕಾಗದಗಳನ್ನು ವಿಂಗಡಿಸುತ್ತಿದ್ದ ನೌಕರರ ಎದುರಿಗೆ ಪಾರಿವಾಳದ ಗೂಡಿನಂತೆ ಚಿಕ್ಕ ಚಿಕ್ಕ ಮನೆಗಳುಳ್ಳ ಹಲಗೆ ಇರುತ್ತಿತ್ತು. ವಿಳಾಸ ನೋಡಿ ಕಾಗದವನ್ನು ತಕ್ಕ ಗೂಡಿಗೆ ಎಸೆಯುವುದೇ ಅವರ ಕೆಲಸ. ಕಾಗದದ ಒಳಗಿನ ಸುದ್ದಿ ಅವರಿಗೆ ಬೇಡ. ಸ್ವಿಚ್ ಮಾಡುವುದೂ ಇದನ್ನೇ. ಕಂಪ್ಯೂಟರುಗಳು ಕಳುಹಿಸುವ ಸುದ್ದಿಯು ಫ್ರೇಮ್ ಎಂಬ ಚಿಕ್ಕ ಚಿಕ್ಕ ಕಟ್ಟುಗಳಾಗಿ ಬರುತ್ತದೆ. ಪ್ರತಿಯೊಂದು ಕಟ್ಟಿನ ತಲೆಯ ಮೇಲೆ ಎರಡು ವಿಳಾಸಗಳಿರುತ್ತವೆ: ಯಾರಿಗೆ ಎಂಬುದೊಂದು, ಯಾರಿಂದ ಎಂಬುದಿನ್ನೊಂದು. ಈ ವಿಳಾಸ 48 ಬಿಟ್ಟುಗಳ ಒಂದು ಸಂಖ್ಯೆ.

ಸ್ವಿಚ್ಚಿಗೆ ಈ ವಿಳಾಸಗಳನ್ನು ಯಾರೂ ಮೊದಲೇ ಹೇಳಿಕೊಟ್ಟಿರುವುದಿಲ್ಲ. 5ನೆಯ ಕಿಂಡಿಯಿಂದ ಒಂದು ಕಟ್ಟು ಬಂದಿತೆನ್ನೋಣ. ‘ಯಾರಿಂದ’ ಎಂಬ ವಿಳಾಸವನ್ನು ನೋಡಿ, ‘ಈ ವಿಳಾಸದವನು 5ನೆಯ ಕಿಂಡಿಯ ಕಡೆ ಇದ್ದಾನೆ’ ಎಂದು ಅದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಮುಂದೆ ಅವನಿಗೆ ಕಟ್ಟು ಬಂದರೆ ನೇರವಾಗಿ 5ನೆಯ ಕಿಂಡಿಗೇ ಕಳುಹಿಸುತ್ತದೆ. ವಿಳಾಸ ಪಟ್ಟಿಯಲ್ಲಿ ಇಲ್ಲದಿದ್ದರೆ, ಬಂದ ಕಿಂಡಿಯೊಂದನ್ನು ಬಿಟ್ಟು ಉಳಿದೆಲ್ಲ ಕಿಂಡಿಗಳಿಗೂ ಕಳುಹಿಸಿ ನೋಡುತ್ತದೆ. ಹೀಗೆ ಕೇಳಿ ಕೇಳಿಯೇ ಅದು ಊರಿನ ಪರಿಚಯ ಮಾಡಿಕೊಳ್ಳುತ್ತದೆ.

ಕಟ್ಟುಗಳನ್ನು ಎತ್ತಿ ಹಾಕುವ ಶೀಘ್ರದ ಕೆಲಸವನ್ನು ಅದಕ್ಕೆಂದೇ ರಚಿಸಿದ ಚಿಪ್ಪು ಮಾಡುತ್ತದೆ. ಆದರೆ ಯಾವ ಕಿಂಡಿ ಯಾವ ಗುಂಪಿಗೆ ಸೇರಿದ್ದು, ಸುತ್ತುದಾರಿಯಲ್ಲಿ ಕಟ್ಟುಗಳು ಕೊನೆಯಿಲ್ಲದೆ ಸುತ್ತದಂತೆ ಯಾವ ದಾರಿಯನ್ನು ಮುಚ್ಚಬೇಕು, ಮೇಲ್ವಿಚಾರಕನ ಆಜ್ಞೆಯನ್ನು ಹೇಗೆ ಓದಬೇಕು ಎಂಬ ವಿಚಾರಗಳನ್ನೆಲ್ಲ ನಡೆಸುವುದು ಪೆಟ್ಟಿಗೆಯೊಳಗಿನ ಒಂದು ಪುಟ್ಟ ಕಂಪ್ಯೂಟರು. ಆ ಕಂಪ್ಯೂಟರನ್ನು ನಡೆಸುವ ತಂತ್ರಾಂಶವೇ ಫರ್ಮ್‌ವೇರ್. ಯಂತ್ರದ ಗಟ್ಟಿ ಅಂಗಗಳಿಗೆ ಹಾರ್ಡ್‌ವೇರ್ ಎಂದೂ ಸುಲಭವಾಗಿ ಬದಲಾಯಿಸಬಹುದಾದ ತಂತ್ರಾಂಶಕ್ಕೆ ಸಾಫ್ಟ್‌ವೇರ್ ಎಂದೂ ಹೆಸರಿರುವುದಷ್ಟೆ. ಇವೆರಡರ ನಡುವೆ ನಿಲ್ಲುವಂಥದಕ್ಕೆ ಫರ್ಮ್‌ವೇರ್ ಎಂಬ ಹೆಸರನ್ನು 1967ರಲ್ಲಿ ಆಶರ್ ಓಪ್ಲರ್ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞರು ಬಳಕೆಗೆ ತಂದರು.

ಅಳಿಸದೆ ಬರೆಯಲಾಗದ ಹಲಗೆ

ವಿದ್ಯುತ್ತು ನಿಂತರೂ ಫರ್ಮ್‌ವೇರ್ ಅಳಿಯಬಾರದು. ಆದುದರಿಂದ ಅದನ್ನು ಫ್ಲ್ಯಾಷ್ ಎಂಬ ಜಾತಿಯ ಮೆಮೊರಿಯಲ್ಲಿ ಇಟ್ಟಿರುತ್ತಾರೆ. ಜಪಾನಿನ ತೋಶಿಬಾ ಸಂಸ್ಥೆಯ ಫುಜಿಯೊ ಮಾಸುವೊಕಾ ಅವರು 1984ರಲ್ಲಿ ಲೋಕದ ಮುಂದಿಟ್ಟ ಶೋಧ ಇದು. ಇದರ ಒಂದೊಂದು ಕೋಶದಲ್ಲೂ ಸುತ್ತಲೂ ನಿರೋಧಕದಿಂದ ಮುಚ್ಚಲ್ಪಟ್ಟ ಒಂದು ಸೂಕ್ಷ್ಮ ಪದರವಿದೆ. ಅದರೊಳಕ್ಕೆ ನೂಕಿದ ಎಲೆಕ್ಟ್ರಾನುಗಳು ವಿದ್ಯುತ್ ಪೂರೈಕೆ ಇಲ್ಲದಿದ್ದರೂ ವರ್ಷಗಳ ಕಾಲ ಹೊರಬರಲಾರದೆ ಅಲ್ಲಿಯೇ ಉಳಿಯುತ್ತವೆ. ಎಲೆಕ್ಟ್ರಾನುಗಳು ತುಂಬಿದ್ದರೆ 0, ಬರಿದಾಗಿದ್ದರೆ 1 ಎಂದು ಓದಿಕೊಳ್ಳುವುದು ಸಾಮಾನ್ಯ ಪದ್ಧತಿ.

ಆದರೆ ಈ ಮೆಮೊರಿಗೆ ಒಂದು ವಿಚಿತ್ರ ಸ್ವಭಾವವುಂಟು. ಬೇಕಾದ ಒಂದು ಕೋಶಕ್ಕೆ 0 ಬರೆಯಬಹುದು. ಆದರೆ ಅದನ್ನು ಮರಳಿ 1 ಮಾಡಬೇಕಾದರೆ ಒಂದು ದೊಡ್ಡ ಗುಂಪಿನ ಕೋಶಗಳನ್ನೆಲ್ಲ ಒಟ್ಟಿಗೇ ಅಳಿಸಬೇಕು. ಮಕ್ಕಳ ಸ್ಲೇಟಿನ ಒಂದೇ ಅಕ್ಷರವನ್ನು ತಿದ್ದಲು ಇಡೀ ಸ್ಲೇಟನ್ನೇ ಒರೆಸಬೇಕೆಂದು ನಿಯಮವಿದ್ದರೆ ಹೇಗಿರುತ್ತಿತ್ತೋ ಹಾಗೆ. ಇದರ ಪರಿಣಾಮವನ್ನು ವಿಚಾರ ಮಾಡಿರಿ. ಹಳೆಯ ಫರ್ಮ್‌ವೇರ್ ಇದ್ದ ಸ್ಥಳದಲ್ಲಿಯೇ ಹೊಸದನ್ನು ಬರೆಯಹೊರಟರೆ, ಮೊದಲು ಹಳೆಯದನ್ನು ಅಳಿಸಬೇಕು. ಅನಂತರ ಹೊಸದನ್ನು ತುಂಬಬೇಕು. ನಡುವೆ ಕೆಲವು ನಿಮಿಷಗಳ ಕಾಲ ಪೆಟ್ಟಿಗೆಯಲ್ಲಿ ಹಳೆಯದೂ ಪೂರ್ತಿ ಇಲ್ಲ, ಹೊಸದೂ ಪೂರ್ತಿ ಇಲ್ಲ. ಆ ನಿಮಿಷಗಳಲ್ಲಿ ವಿದ್ಯುತ್ತು ಹೋಯಿತೆಂದರೆ, ಮರಳಿ ಬಂದಾಗ ಎದ್ದು ನಡೆಯಲು ಪೆಟ್ಟಿಗೆಗೆ ಯಾವ ಆಜ್ಞೆಯೂ ಸಿಕ್ಕುವುದಿಲ್ಲ. ಅಂತಹ ಯಂತ್ರವನ್ನು ಈ ವೃತ್ತಿಯವರು ‘ಇಟ್ಟಿಗೆಯಾಯಿತು’ ಎಂದು ಹಾಸ್ಯವಾಗಿ ಕರೆಯುವುದುಂಟು. ಬಾಗಿಲಿಗೆ ಆನಿಸಿಡಲು ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಮುಟ್ಟದಿರುವುದೂ ಅಪಾಯವೇ

ಇಷ್ಟು ಅಪಾಯವಿದ್ದ ಮೇಲೆ, ನಡೆಯುತ್ತಿರುವ ಯಂತ್ರವನ್ನು ಮುಟ್ಟದೆ ಬಿಡುವುದೇ ಜಾಣತನವಲ್ಲವೆ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರವಾಗಿ 2018ರ ಒಂದು ಪ್ರಸಂಗವನ್ನು ನೆನೆಯೋಣ. ಸಿಸ್ಕೊ ಎಂಬ ಪ್ರಸಿದ್ಧ ತಯಾರಕರ ಕೆಲವು ಸ್ವಿಚ್ಚುಗಳಲ್ಲಿ ‘ಸ್ಮಾರ್ಟ್ ಇನ್‌ಸ್ಟಾಲ್’ ಎಂಬ ಸೌಲಭ್ಯವಿತ್ತು. ಹೊಸ ಸ್ವಿಚ್ಚನ್ನು ತಂತಿಗೆ ಸಿಕ್ಕಿಸಿದೊಡನೆ ಅದು ತಾನಾಗಿಯೇ ತನಗೆ ಬೇಕಾದ ಏರ್ಪಾಟನ್ನು ದೂರದಿಂದ ಪಡೆದುಕೊಳ್ಳಲೆಂದು ಇದನ್ನು ಕಲ್ಪಿಸಿದ್ದರು. ಆದರೆ ಆಜ್ಞೆ ಕೊಡುವವನು ಯಾರೆಂದು ಅದು ವಿಚಾರಿಸುತ್ತಿರಲಿಲ್ಲ. 2018ರ ಏಪ್ರಿಲ್ ತಿಂಗಳಲ್ಲಿ ದುಷ್ಕರ್ಮಿಗಳು ಈ ಬಾಗಿಲಿನಿಂದ ಒಳಹೊಕ್ಕು, ಇರಾನ್ ಮತ್ತು ರಷ್ಯ ಮೊದಲಾದ ದೇಶಗಳ ಸ್ವಿಚ್ಚುಗಳ ಏರ್ಪಾಟನ್ನು ಅಳಿಸಿ, ಅವನ್ನು ನಿರುಪಯುಕ್ತಗೊಳಿಸಿದರು. ಲೋಕದಾದ್ಯಂತ 2 ಲಕ್ಷ ಯಂತ್ರಗಳಿಗೂ ತಮ್ಮ ದೇಶದಲ್ಲಿ 3,500 ಯಂತ್ರಗಳಿಗೂ ಪೆಟ್ಟು ಬಿದ್ದಿತೆಂದು ಇರಾನಿನ ಸಂಪರ್ಕ ಮಂತ್ರಾಲಯ ಆಗ ತಿಳಿಸಿತು.

ಈ ಪ್ರಸಂಗದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ದೋಷವುಳ್ಳ ಹಳೆಯದನ್ನು ಹಾಗೆಯೇ ಬಿಟ್ಟು, ಬೇಡದ ಬಾಗಿಲನ್ನು ಮುಚ್ಚದೆ ಇರುವುದು ಕ್ಷೇಮವಲ್ಲ ಎಂಬುದು ಒಂದು. ಯಂತ್ರದ ಏರ್ಪಾಟಿನ ಪ್ರತಿಯನ್ನು ಬೇರೆಡೆಯಲ್ಲಿ ಇಟ್ಟುಕೊಂಡವನು ಇಂತಹ ಆಘಾತದಿಂದ ಬೇಗ ಚೇತರಿಸಿಕೊಳ್ಳಬಲ್ಲನು, ಇಟ್ಟುಕೊಳ್ಳದವನು ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕು ಎಂಬುದು ಇನ್ನೊಂದು.

1990ರ ಜನವರಿ 15

ಹಾಗಾದರೆ ಹೊಸದು ಬಂದೊಡನೆ ಎಲ್ಲ ಯಂತ್ರಗಳಿಗೂ ಹಾಕಿಬಿಟ್ಟರೆ ಸರಿಯಾಯಿತೆ? ಈ ಪ್ರಶ್ನೆಗೆ ಉತ್ತರ ದೂರವಾಣಿಯ ಚರಿತ್ರೆಯಲ್ಲಿದೆ. ದೂರವಾಣಿಯ ವಿನಿಮಯ ಕೇಂದ್ರವೂ ಒಂದು ಸ್ವಿಚ್ಚೇ. ಕಟ್ಟುಗಳ ಬದಲು ಕರೆಗಳನ್ನು ವಿಂಗಡಿಸುತ್ತದೆ. ನಮ್ಮ ಕಿತ್ತೂರಿನಲ್ಲಿ 1986ರಲ್ಲಿ ಕೆಲಸ ಆರಂಭಿಸಿದ, ಸಿ-ಡಾಟ್ ಸಂಸ್ಥೆಯವರು ಹಳ್ಳಿಗಳಿಗಾಗಿ ರೂಪಿಸಿದ ಪುಟ್ಟ ವಿನಿಮಯ ಯಂತ್ರವೂ ತನ್ನೊಳಗಿನ ತಂತ್ರಾಂಶದಿಂದಲೇ ನಡೆಯುವಂಥದು.

ಅಮೆರಿಕದ ಎಟಿ ಅಂಡ್ ಟಿ ಸಂಸ್ಥೆಯ ದೂರದೂರುಗಳ ಕರೆಗಳನ್ನು 1990ರಲ್ಲಿ 114 ಬೃಹತ್ ಸ್ವಿಚ್ಚುಗಳು ನಡೆಸುತ್ತಿದ್ದವು. 1989ರ ಡಿಸೆಂಬರ್ ತಿಂಗಳಲ್ಲಿ ಅವೆಲ್ಲಕ್ಕೂ ಹೊಸ ತಂತ್ರಾಂಶವನ್ನು ಹಾಕಿದರು. ಒಂದು ಸ್ವಿಚ್ ಕಾಯಿಲೆ ಬಿದ್ದು ಎದ್ದಾಗ ನೆರೆಯ ಸ್ವಿಚ್ಚುಗಳಿಗೆ ಬೇಗನೆ ತಿಳಿಯುವಂತೆ ಮಾಡುವುದು ಈ ಬದಲಾವಣೆಯ ಒಂದು ಉದ್ದೇಶ. ಸುಮಾರು ಒಂದು ತಿಂಗಳು ಎಲ್ಲವೂ ಸುಸೂತ್ರವಾಗಿ ನಡೆಯಿತು.

1990ರ ಜನವರಿ 15ರ ಮಧ್ಯಾಹ್ನ ನ್ಯೂಯಾರ್ಕಿನ ಒಂದು ಸ್ವಿಚ್ಚಿನಲ್ಲಿ ಚಿಕ್ಕದೊಂದು ತೊಂದರೆ ತೋರಿತು. ನಿಯಮದಂತೆ ಅದು, ‘ಸ್ವಲ್ಪ ಹೊತ್ತು ನನಗೆ ಕರೆ ಕಳುಹಿಸಬೇಡಿರಿ’ ಎಂದು ನೆರೆಯವರಿಗೆ ತಿಳಿಸಿ, 4ರಿಂದ 6 ಸೆಕೆಂಡುಗಳಲ್ಲಿ ತನ್ನನ್ನು ತಾನೇ ಸರಿಪಡಿಸಿಕೊಂಡು ಎದ್ದಿತು. ಎದ್ದೊಡನೆ ಕರೆಗಳನ್ನು ಕಳುಹಿಸತೊಡಗಿತು. ಆ ಕರೆ ಬಂದುದನ್ನು ಕಂಡು ನೆರೆಯ ಸ್ವಿಚ್, ‘ನ್ಯೂಯಾರ್ಕು ಎದ್ದಿದೆ’ ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳತೊಡಗಿತು. ಹಾಗೆ ಬರೆಯುತ್ತಿರುವಾಗಲೇ, ಒಂದು ಸೆಕೆಂಡಿನ ನೂರನೆಯ ಒಂದು ಭಾಗದೊಳಗಾಗಿ, ಎರಡನೆಯ ಸುದ್ದಿ ಬಂದರೆ ಹೊಸ ತಂತ್ರಾಂಶ ತಬ್ಬಿಬ್ಬಾಗಿ, ಬರೆಯಬಾರದ ಸ್ಥಳದಲ್ಲಿ ಬರೆದು, ತನ್ನ ಲೆಕ್ಕವನ್ನು ತಾನೇ ಕೆಡಿಸಿಕೊಳ್ಳುತ್ತಿತ್ತು. ಲೆಕ್ಕ ಕೆಟ್ಟುದನ್ನು ಅರಿತ ಆ ಸ್ವಿಚ್ ತಾನೂ ಮಲಗಿ ಏಳುತ್ತಿತ್ತು. ಎದ್ದು ತಾನೂ ಕರೆಗಳನ್ನು ಕಳುಹಿಸುತ್ತಿತ್ತು. ಅದರಿಂದ ಅದರ ನೆರೆಯವು ಮಲಗುತ್ತಿದ್ದವು. ಹೀಗೆ 114 ಸ್ವಿಚ್ಚುಗಳ ಸಮುದಾಯ ಬೀಳುತ್ತ ಏಳುತ್ತ 9 ಗಂಟೆಗಳ ಕಾಲ ತೊಳಲಿತು. ಆ ಸಂಸ್ಥೆಯ ಮೂಲಕ ಮಾಡಲೆತ್ನಿಸಿದ ದೂರದ ಕರೆಗಳಲ್ಲಿ ಸುಮಾರು ಅರ್ಧದಷ್ಟು ಮುಟ್ಟಲಿಲ್ಲ.

ತಪ್ಪು ಎಲ್ಲಿತ್ತು? ಸಿ ಎಂಬ ಭಾಷೆಯಲ್ಲಿ ಬರೆದ ಸಹಸ್ರಾರು ಸಾಲುಗಳ ನಡುವೆ, ಇರಬಾರದ ಸ್ಥಳದಲ್ಲಿದ್ದ ‘ಬ್ರೇಕ್’ ಎಂಬ ಒಂದು ಪದದಲ್ಲಿ. ಮಾಡಬೇಕಾದ ಕೆಲಸವನ್ನು ಮುಗಿಸುವ ಮೊದಲೇ ಆ ಪದ ಯಂತ್ರವನ್ನು ಹೊರಕ್ಕೆ ಕಳುಹಿಸುತ್ತಿತ್ತು. ಇಂಜಿನಿಯರುಗಳು ಸ್ವಿಚ್ಚುಗಳ ನಡುವಣ ಸುದ್ದಿಗಳ ಸಂಚಾರವನ್ನು ಕಡಮೆ ಮಾಡಿದಾಗ, ಎರಡು ಸುದ್ದಿಗಳು ಒಂದರ ಬೆನ್ನಿಗೆ ಒಂದು ಬರುವ ಸಂಭವ ಕುಗ್ಗಿ, ರಾತ್ರಿ ಸುಮಾರು ಹನ್ನೊಂದೂವರೆಗೆ ಎಲ್ಲವೂ ಶಾಂತವಾಯಿತು. ಮರುದಿನ ಅವರು ಮಾಡಿದುದೇನು? ಹೊಸ ತಂತ್ರಾಂಶವನ್ನು ತೆಗೆದು, ಹಿಂದಿನದನ್ನೇ ಮರಳಿ ಹಾಕತೊಡಗಿದರು. ಹಿಂದಿನ ಪ್ರತಿ ಅವರ ಕೈಯಲ್ಲಿ ಇದ್ದುದರಿಂದ ಇದು ಸಾಧ್ಯವಾಯಿತು.

ಈ ಕಥೆಯಲ್ಲಿ ನಾವು ವಿಶೇಷವಾಗಿ ಗಮನಿಸಬೇಕಾದುದೊಂದಿದೆ. ಒಂದು ಸ್ವಿಚ್ ಬಿದ್ದರೆ ಇನ್ನೊಂದು ಆಸರೆಯಾಗಲೆಂದೇ ಅಷ್ಟು ಸ್ವಿಚ್ಚುಗಳನ್ನು ಹೆಣೆದಿದ್ದರು. ಆದರೆ ಎಲ್ಲದರೊಳಗೂ ಒಂದೇ ತಂತ್ರಾಂಶವಿತ್ತು. ಆದುದರಿಂದ ಎಲ್ಲದರೊಳಗೂ ಒಂದೇ ತಪ್ಪಿತ್ತು. ಒಂದೇ ದೋಷವುಳ್ಳ ನೂರು ಪ್ರತಿಗಳು ಒಂದಕ್ಕೊಂದು ಆಸರೆಯಾಗಲಾರವು. ಮೀಸಲು ಎಂಬುದು ನಿಜವಾಗಿಯೂ ಮೀಸಲಾಗಬೇಕಾದರೆ, ಅದು ಬದಲಾವಣೆಯ ಕೈಗೆ ಸಿಕ್ಕದೆ ಬೇರೆಯಾಗಿ ಉಳಿದಿರಬೇಕು.

ಕಾಪಾಡಬೇಕಾದವು ಮೂರು

ಇನ್ನು ನಮ್ಮ ಕಾಲೇಜಿನ ಪೆಟ್ಟಿಗೆಗೆ ಹಿಂದಿರುಗೋಣ. ಅದರೊಳಗೆ ಒಂದಕ್ಕೊಂದು ಬೇರೆಯಾದ ಮೂರು ವಸ್ತುಗಳಿವೆ. ಮೊದಲನೆಯದು ಬೂಟ್‌ಲೋಡರ್ ಎಂಬ ಪುಟ್ಟ ತಂತ್ರಾಂಶ; ವಿದ್ಯುತ್ತು ಬಂದೊಡನೆ ಮೊದಲು ಕಣ್ಣು ತೆರೆದು ಫರ್ಮ್‌ವೇರನ್ನು ಎಬ್ಬಿಸುವುದು ಇದರ ಕೆಲಸ. ಇದು ಉಳಿದಿದ್ದರೆ ಪೆಟ್ಟಿಗೆಗೆ ಜೀವ ಬರಿಸುವ ಆಸೆ ಉಂಟು. ಆದುದರಿಂದ ತೀರ ಅವಶ್ಯವಲ್ಲದೆ ಇದನ್ನು ಮುಟ್ಟಬಾರದು. ಎರಡನೆಯದು ಫರ್ಮ್‌ವೇರ್, ಒಂದೇ ಮಾದರಿಯ ಪೆಟ್ಟಿಗೆಗಳೆಲ್ಲಕ್ಕೂ ಇದು ಒಂದೇ. ಮೂರನೆಯದು ಕಾನ್ಫಿಗರೇಷನ್, ಎಂದರೆ ಈ ಕಾಲೇಜಿನ ಈ ಪೆಟ್ಟಿಗೆಗೆಂದೇ ನಾವು ಮಾಡಿಕೊಂಡ ಏರ್ಪಾಟು: 1ರಿಂದ 10ರ ವರೆಗಿನ ಕಿಂಡಿಗಳು ಕಚೇರಿಗೆ, 11ರಿಂದ 20 ಪ್ರಯೋಗಶಾಲೆಗೆ, ಪ್ರವೇಶದ ಗುಟ್ಟಿನ ಪದ ಇಂಥದು ಎಂಬ ವಿವರಗಳು.

ಫರ್ಮ್‌ವೇರ್ ಕಳೆದುಹೋದರೆ ತಯಾರಕರಿಂದ ಮರಳಿ ತರಬಹುದು. ಕಾನ್ಫಿಗರೇಷನ್ ಕಳೆದುಹೋದರೆ ಲೋಕದಲ್ಲಿ ಬೇರೆ ಯಾರಿಂದಲೂ ತರಲಾಗದು. ಆದರೂ ಅನೇಕರು ಮೊದಲನೆಯದನ್ನು ಜೋಪಾನ ಮಾಡಿ ಎರಡನೆಯದನ್ನು ಮರೆಯುತ್ತಾರೆ. ಇದರಲ್ಲಿ ಮತ್ತೂ ಒಂದು ಸೂಕ್ಷ್ಮವುಂಟು. ಬಹಳ ಸ್ವಿಚ್ಚುಗಳಲ್ಲಿ, ಈಗ ನಡೆಯುತ್ತಿರುವ ಕಾನ್ಫಿಗರೇಷನ್ ಬೇರೆ, ಮುಂದಿನ ಸಲ ಎದ್ದಾಗ ಓದಿಕೊಳ್ಳಲೆಂದು ಬರೆದಿಟ್ಟ ಕಾನ್ಫಿಗರೇಷನ್ ಬೇರೆ. ಮೊದಲನೆಯದು ವಿದ್ಯುತ್ತು ಹೋದರೆ ಅಳಿಯುವ ಮೆಮೊರಿಯಲ್ಲಿದೆ. ಆರು ತಿಂಗಳ ಹಿಂದೆ ಯಾರೋ ಒಂದು ಕಿಂಡಿಯನ್ನು ಬದಲಾಯಿಸಿ, ಅದನ್ನು ಉಳಿಸಲು ಮರೆತಿದ್ದರೆ, ಫರ್ಮ್‌ವೇರ್ ಬದಲಾಯಿಸಿ ಪೆಟ್ಟಿಗೆಯನ್ನು ಎಬ್ಬಿಸಿದಾಗ ಆ ಬದಲಾವಣೆ ಮಾಯವಾಗಿರುತ್ತದೆ. ಜನರು ದೋಷವನ್ನು ಹೊಸ ಫರ್ಮ್‌ವೇರಿನ ಮೇಲೆ ಹೊರಿಸುತ್ತಾರೆ.

ಮೀಸಲು ಪ್ರತಿಯನ್ನು ಎಲ್ಲಿ ಇಡಬೇಕು? ಆ ಪೆಟ್ಟಿಗೆಯೊಳಗೆ ಮಾತ್ರ ಇಟ್ಟರೆ ಸಾಲದು. ಪೆಟ್ಟಿಗೆಯೇ ಸುಟ್ಟರೆ ಪ್ರತಿಯೂ ಹೋಯಿತು. ಆ ಪೆಟ್ಟಿಗೆಯ ಮೂಲಕವೇ ಹೋಗಿ ತಲುಪಬೇಕಾದ ಕಂಪ್ಯೂಟರಿನಲ್ಲಿ ಮಾತ್ರ ಇಟ್ಟರೂ ಸಾಲದು. ಬೇಕಾದ ಹೊತ್ತಿಗೆ ದಾರಿಯೇ ಇರುವುದಿಲ್ಲ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತಾಗುತ್ತದೆ. ಪ್ರತಿಯಲ್ಲಿ ಗುಟ್ಟಿನ ಪದಗಳೂ ಇರಬಹುದಾದುದರಿಂದ ಕಂಡಕಂಡವರ ಕೈಗೆ ಸಿಕ್ಕುವಂತೆಯೂ ಇಡಬಾರದು.

ಪ್ರತಿ ಸರಿಯಾಗಿದೆಯೆ?

ಫರ್ಮ್‌ವೇರನ್ನು ಪೆಟ್ಟಿಗೆಯ ಒಳಕ್ಕೂ ಹೊರಕ್ಕೂ ಸಾಗಿಸಲು ಬಹುಕಾಲದಿಂದ ಟಿಎಫ್‌ಟಿಪಿ ಎಂಬ ಸರಳ ಪದ್ಧತಿ ರೂಢಿಯಲ್ಲಿದೆ. ಇದು ಕಡತವನ್ನು 512 ಬೈಟುಗಳ ತುಂಡುಗಳಾಗಿ ಕಳುಹಿಸುತ್ತದೆ. ಒಂದು ತುಂಡು ಮುಟ್ಟಿತೆಂದು ಉತ್ತರ ಬಂದ ಮೇಲೆಯೇ ಮುಂದಿನದನ್ನು ಕಳುಹಿಸುತ್ತದೆ. 20 ಮೆಗಾಬೈಟಿನ ಫರ್ಮ್‌ವೇರಿಗೆ ಎಷ್ಟು ತುಂಡುಗಳಾಗುತ್ತವೆ? ಒಂದು ಮೆಗಾಬೈಟಿಗೆ 10,48,576 ಬೈಟುಗಳೆಂದು ಹಿಡಿದು, 20ರಿಂದ ಗುಣಿಸಿ 512ರಿಂದ ಭಾಗಿಸಿದರೆ 40,960 ಬರುತ್ತದೆ. ತುಂಡಿನ ಕ್ರಮಸಂಖ್ಯೆಗೆ 16 ಬಿಟ್ಟುಗಳು ಮಾತ್ರ ಇರುವುದರಿಂದ ಎಣಿಕೆ 65,535ನ್ನು ಮೀರಲಾರದು. ಎಂದರೆ ಸುಮಾರು 32 ಮೆಗಾಬೈಟಿಗಿಂತ ದೊಡ್ಡ ಕಡತವನ್ನು ಮೂಲ ನಿಯಮದಂತೆ ಕಳುಹಿಸಲಾಗದು. ಇದಲ್ಲದೆ ಈ ಪದ್ಧತಿ ಗುಟ್ಟಿನ ಪದವನ್ನೂ ಕೇಳುವುದಿಲ್ಲ, ಸುದ್ದಿಯನ್ನು ಮರೆಮಾಡುವುದೂ ಇಲ್ಲ. ಆದುದರಿಂದ ಇವೆರಡನ್ನೂ ಮಾಡುವ ಎಸ್‌ಸಿಪಿ, ಎಸ್‌ಎಫ್‌ಟಿಪಿ ಎಂಬ ಪದ್ಧತಿಗಳು ಈಗ ಹೆಚ್ಚು ಮಾನ್ಯವಾಗಿವೆ.

ಸಾವಿರಾರು ತುಂಡುಗಳಲ್ಲಿ ಒಂದು ಕೆಟ್ಟಿದ್ದರೆ ತಿಳಿಯುವುದು ಹೇಗೆ? ಇದಕ್ಕೆ ಚೆಕ್‌ಸಮ್ ಎಂಬ ಉಪಾಯವಿದೆ. ವಾಚಕರು ಇದನ್ನು ಕಾಗದದ ಮೇಲೆ ತಾವೇ ಮಾಡಿ ನೋಡಬಹುದು. ಕಳುಹಿಸಬೇಕಾದ ಅಂಕಿಗಳು 7, 2, 9, 4 ಎಂದಿರಲಿ. ಮೊತ್ತ 22. ಅಂಕಿಗಳೊಡನೆ ಮೊತ್ತವನ್ನೂ ತಿಳಿಸಿದರೆ, ಪಡೆದವನು ತಾನೂ ಕೂಡಿ ನೋಡುತ್ತಾನೆ. 9ರ ಬದಲು 8 ಬಂದಿದ್ದರೆ ಮೊತ್ತ 21 ಆಗಿ ತಪ್ಪು ಹೊರಬೀಳುತ್ತದೆ. ಆದರೆ 2 ಮತ್ತು 9 ಅದಲುಬದಲಾಗಿ 7, 9, 2, 4 ಎಂದು ಬಂದಿದ್ದರೆ? ಮೊತ್ತ ಆಗಲೂ 22; ತಪ್ಪು ತಪ್ಪಿಸಿಕೊಂಡಿತು. ಈಗ ಮೊದಲನೆಯ ಅಂಕಿಯನ್ನು 1ರಿಂದ, ಎರಡನೆಯದನ್ನು 2ರಿಂದ, ಮೂರನೆಯದನ್ನು 3ರಿಂದ, ನಾಲ್ಕನೆಯದನ್ನು 4ರಿಂದ ಗುಣಿಸಿ ಕೂಡೋಣ. ಸರಿಯಾದ ಅಂಕಿಗಳಿಗೆ 7, 4, 27, 16 ಸೇರಿ 54. ಅದಲುಬದಲಾದವಕ್ಕೆ 7, 18, 6, 16 ಸೇರಿ 47. ತಪ್ಪು ಸಿಕ್ಕಿಬಿದ್ದಿತು.

ಫರ್ಮ್‌ವೇರ್ ತಯಾರಕರು ಬಳಸುವ ಲೆಕ್ಕ ಇದಕ್ಕಿಂತ ಬಹಳ ಜಟಿಲವಾದುದು. ಎಸ್‌ಎಚ್‌ಎ-256 ಎಂಬ ಪದ್ಧತಿಯಲ್ಲಿ ಕಡತ ಎಷ್ಟೇ ದೊಡ್ಡದಿರಲಿ, ಉತ್ತರ ಮಾತ್ರ 256 ಬಿಟ್ಟುಗಳು. ಅದನ್ನು 64 ಅಕ್ಷರಾಂಕಗಳಾಗಿ ಬರೆಯುತ್ತಾರೆ. ಕಡತದಲ್ಲಿ ಒಂದೇ ಬಿಟ್ಟು ಬದಲಾದರೂ ಉತ್ತರ ಗುರುತು ಸಿಕ್ಕದಷ್ಟು ಬದಲಾಗುತ್ತದೆ. ಕಡತವನ್ನು ಪಡೆದ ಮೇಲೆ ನಾವು ಲೆಕ್ಕ ಹಾಕಿದ ಉತ್ತರವೂ ತಯಾರಕರು ಪ್ರಕಟಿಸಿದ ಉತ್ತರವೂ ಒಂದೇ ಆಗಿದ್ದರೆ ಪ್ರತಿ ಕೆಟ್ಟಿಲ್ಲವೆಂದು ನಂಬಬಹುದು.

ಆದರೆ ಒಂದು ಎಚ್ಚರಿಕೆ. ಪ್ರತಿ ಕೆಟ್ಟಿಲ್ಲ ಎಂದರೆ ತಂತ್ರಾಂಶದಲ್ಲಿ ತಪ್ಪಿಲ್ಲ ಎಂದರ್ಥವಲ್ಲ. 1990ರಲ್ಲಿ 114 ಸ್ವಿಚ್ಚುಗಳಲ್ಲಿದ್ದ ಪ್ರತಿಗಳೂ ಕೆಟ್ಟಿರಲಿಲ್ಲ. ತಪ್ಪನ್ನು ಅಕ್ಷರ ಬಿಡದೆ ನಕಲು ಮಾಡಿದ್ದವು. ಚೆಕ್‌ಸಮ್ ಸಾಗಣೆಗೆ ಸಾಕ್ಷಿ ಹೇಳುತ್ತದೆ, ಸರಕಿನ ಗುಣಕ್ಕಲ್ಲ. ಗುಣವನ್ನು ಅರಿಯಲು ನಡೆಸಿಯೇ ನೋಡಬೇಕು. ನಡೆಸಿ ನೋಡಲು ಧೈರ್ಯ ಬರಬೇಕಾದರೆ ಹಿಂದಿರುಗುವ ದಾರಿ ಇರಬೇಕು.

ಎರಡು ಕೋಣೆಗಳ ಮನೆ

ಈ ದಾರಿಯನ್ನು ಯಂತ್ರದೊಳಗೇ ಕಲ್ಪಿಸಿದ ಜಾಣತನವೊಂದಿದೆ. ಅನೇಕ ಸ್ವಿಚ್ಚುಗಳ ಫ್ಲ್ಯಾಷ್ ಮೆಮೊರಿಯಲ್ಲಿ ಫರ್ಮ್‌ವೇರಿಗೆ ಎರಡು ಕೋಣೆಗಳಿರುತ್ತವೆ. ಒಂದರಲ್ಲಿರುವುದು ಈಗ ಕೆಲಸ ಮಾಡುತ್ತಿರುತ್ತದೆ. ಹೊಸದನ್ನು ಇನ್ನೊಂದು ಕೋಣೆಯಲ್ಲಿ ಬರೆಯುತ್ತಾರೆ. ಬರೆಯುವಾಗ ವಿದ್ಯುತ್ತು ಹೋದರೂ ಚಿಂತೆಯಿಲ್ಲ, ಹಳೆಯದು ತನ್ನ ಕೋಣೆಯಲ್ಲಿ ಕ್ಷೇಮವಾಗಿದೆ. ಬರೆದು ಪರೀಕ್ಷಿಸಿದ ಮೇಲೆ, ‘ಮುಂದಿನ ಸಲ ಈ ಕೋಣೆಯಿಂದ ಏಳು’ ಎಂದು ಗುರುತು ಮಾತ್ರ ಬದಲಾಯಿಸುತ್ತಾರೆ. ಹೊಸದು ಸರಿಹೋಗದಿದ್ದರೆ ಗುರುತನ್ನು ಮರಳಿ ಬದಲಾಯಿಸಿದರಾಯಿತು. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಮೊದಲಾಗಿ ಅನೇಕ ಕೈಫೋನುಗಳಲ್ಲಿಯೂ ಇದೇ ಏರ್ಪಾಟು ಬಂದಿದೆ.

ಇಲ್ಲಿಯೂ ಎರಡು ತೊಡಕುಗಳುಂಟು. ಹೊಸ ಫರ್ಮ್‌ವೇರ್ ಎದ್ದೊಡನೆ ಹಳೆಯ ಕಾನ್ಫಿಗರೇಷನ್ನನ್ನು ತನಗೆ ಒಪ್ಪುವ ಹೊಸ ರೂಪಕ್ಕೆ ತಿರುಗಿಸಿ ಬರೆಯಬಹುದು. ಆಮೇಲೆ ಹಳೆಯದಕ್ಕೆ ಹಿಂದಿರುಗಿದರೆ ಅದು ಈ ಹೊಸ ರೂಪವನ್ನು ಓದಲಾರದೆ ಹೋಗಬಹುದು. ಆದುದರಿಂದ ಹಳೆಯ ಫರ್ಮ್‌ವೇರಿನ ಜೊತೆಗೆ ಅದಕ್ಕೆ ಹೊಂದಿದ ಕಾನ್ಫಿಗರೇಷನ್ನಿನ ಪ್ರತಿಯೂ ಬೇರೆ ಉಳಿದಿರಬೇಕು, ಇವೆರಡೂ ಜೋಡಿ. ಎರಡನೆಯ ತೊಡಕು ಇದು: ಹಳೆಯದರಲ್ಲಿ ಕಳ್ಳರಿಗೆ ತಿಳಿದ ಬಾಗಿಲಿದೆಯೆಂಬ ಕಾರಣದಿಂದ, ಕೆಲವು ತಯಾರಕರು ಹಳೆಯದಕ್ಕೆ ಮರಳದಂತೆಯೇ ಯಂತ್ರವನ್ನು ಕಟ್ಟುಮಾಡುತ್ತಾರೆ. ಅಲ್ಲಿ ಹಿಂದಿರುಗುವ ದಾರಿ ಇರುವುದಿಲ್ಲ. ಹೊಸ ಫರ್ಮ್‌ವೇರಿನೊಡನೆ ಬರುವ ಸೂಚನಾಪತ್ರವನ್ನು ಪೂರ್ತಿ ಓದಿದವನಿಗೆ ಇದು ಮುಂಚೆಯೇ ತಿಳಿಯುತ್ತದೆ. ಓದದವನಿಗೆ ಬಿದ್ದ ಮೇಲೆ ತಿಳಿಯುತ್ತದೆ.

ಕೆಲಸದ ಕ್ರಮ

ಇಷ್ಟೆಲ್ಲ ವಿಚಾರ ಮಾಡಿದ ಮೇಲೆ ಕೆಲಸದ ಕ್ರಮ ತಾನಾಗಿಯೇ ಮೂಡುತ್ತದೆ. ಮೊದಲು ಪೆಟ್ಟಿಗೆಯ ಮಾದರಿಯನ್ನೂ ಈಗಿರುವ ಫರ್ಮ್‌ವೇರಿನ ಆವೃತ್ತಿಯನ್ನೂ ಬರೆದುಕೊಂಡು ಸೂಚನಾಪತ್ರವನ್ನು ಓದಬೇಕು. ಬಹಳ ಹಳೆಯ ಆವೃತ್ತಿಯಿಂದ ನೇರವಾಗಿ ಹೊಸದಕ್ಕೆ ನೆಗೆಯದೆ, ನಡುವಿನ ಒಂದು ಮೆಟ್ಟಿಲನ್ನು ಹತ್ತಬೇಕೆಂದು ಅಲ್ಲಿ ಹೇಳಿರಬಹುದು. ನಡೆಯುತ್ತಿರುವ ಕಾನ್ಫಿಗರೇಷನ್ನನ್ನು ಉಳಿಸಿ, ದಿನಾಂಕ ನಮೂದಿಸಿ, ಹೊರಗೆ ಎರಡು ಕಡೆ ಪ್ರತಿ ಮಾಡಿಡಬೇಕು. ಈಗಿರುವ ಫರ್ಮ್‌ವೇರಿನ ಪ್ರತಿಯೂ ಕೈಯಲ್ಲಿರಬೇಕು. ಯಾವ ಕಿಂಡಿಗಳ ದೀಪ ಉರಿಯುತ್ತಿದೆ, ಪಟ್ಟಿಯಲ್ಲಿ ಎಷ್ಟು ವಿಳಾಸಗಳಿವೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಆಮೇಲೆ ಹೋಲಿಸಿ ನೋಡಲು ಇದು ಬೇಕಾಗುತ್ತದೆ.

ಪೆಟ್ಟಿಗೆಗೆ ನೇರವಾಗಿ ಸಿಕ್ಕಿಸುವ ಕನ್ಸೋಲ್ ತಂತಿ ಪಕ್ಕದಲ್ಲಿರಬೇಕು. ದೂರದಲ್ಲಿ ಕುಳಿತು ಸ್ವಿಚ್ಚಿನ ಮೂಲಕವೇ ಬಂದು ಅದೇ ಸ್ವಿಚ್ಚನ್ನು ಬದಲಾಯಿಸುವವನು, ಕುಳಿತ ಕೊಂಬೆಯನ್ನೇ ಕಡಿಯುವವನಂತೆ. ಪೆಟ್ಟಿಗೆ ಏಳದಿದ್ದರೆ ಅವನ ದಾರಿಯೇ ಕಡಿದುಹೋಗುತ್ತದೆ. ವಿದ್ಯುತ್ತಿಗೆ ಯುಪಿಎಸ್‌ನ ಆಸರೆ ಇರಬೇಕು. ಹೊಸ ಕಡತದ ಚೆಕ್‌ಸಮ್ ನೋಡಿ, ಬರಿದಾದ ಕೋಣೆಯಲ್ಲಿ ಬರೆದು, ಗುರುತು ಬದಲಾಯಿಸಿ, ಪೆಟ್ಟಿಗೆಯನ್ನು ಎಬ್ಬಿಸಬೇಕು. ಎದ್ದ ಮೇಲೆ, ಮೊದಲು ಬರೆದಿಟ್ಟ ಪಟ್ಟಿಯೊಡನೆ ಒಂದೊಂದನ್ನೂ ತಾಳೆ ನೋಡಬೇಕು. ಇಷ್ಟು ಸಮಯದೊಳಗೆ ಸರಿಹೋಗದಿದ್ದರೆ ಹಳೆಯದಕ್ಕೆ ಹಿಂದಿರುಗುವುದೆಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಗಾಬರಿಯ ಹೊತ್ತಿನಲ್ಲಿ ಮಾಡುವ ತೀರ್ಮಾನ ಸಾಮಾನ್ಯವಾಗಿ ಒಳ್ಳೆಯದಾಗಿರುವುದಿಲ್ಲ.

ಕಡೆಯದಾಗಿ, 12 ಪೆಟ್ಟಿಗೆಗಳನ್ನು ಒಂದೇ ರಾತ್ರಿ ಬದಲಾಯಿಸಬಾರದು. ಅಷ್ಟಾಗಿ ತೊಂದರೆ ಕೊಡದ ಒಂದನ್ನು ಮೊದಲು ಬದಲಾಯಿಸಿ, ಕೆಲವು ದಿನ ನಡೆಸಿ ನೋಡಿ, ಅನಂತರ ಉಳಿದವಕ್ಕೆ ಕೈಹಾಕಬೇಕು. ಅಮೆರಿಕದ ದೋಷ ಸುಮಾರು ಒಂದು ತಿಂಗಳು ಮರೆಯಾಗಿದ್ದಿತಲ್ಲ, ಕೆಲವು ದಿನ ಕಾದು ಪ್ರಯೋಜನವೇನು ಎಂದರೆ, ಎಲ್ಲ ದೋಷಗಳೂ ಕಾಯುವುದರಿಂದ ಹೊರಬೀಳವು ಎಂಬುದು ನಿಜ. ಆದುದರಿಂದಲೇ ಕಾದ ಮೇಲೂ ಹಳೆಯ ಪ್ರತಿಯನ್ನು ಬಿಸಾಡಬಾರದು.

ಹಾಗಾದರೆ ಅರ್ಜಿಯ ಕಡೆಯ ದಿನದ ಹಿಂದಿನ ರಾತ್ರಿ ಏನು ಮಾಡತಕ್ಕದ್ದು? ಆ ರಾತ್ರಿ ಫರ್ಮ್‌ವೇರನ್ನು ಮುಟ್ಟಬಾರದು. ದೋಷವಿರುವ ಸೌಲಭ್ಯವನ್ನು ಮುಚ್ಚಬಹುದಾದರೆ, ಮುಂಚೆ ಪ್ರತಿ ಮಾಡಿಟ್ಟುಕೊಂಡು, ಅದನ್ನಷ್ಟೇ ಮುಚ್ಚಬೇಕು. ಎಲ್ಲ ಪೆಟ್ಟಿಗೆಗಳ ಕಾನ್ಫಿಗರೇಷನ್ನನ್ನು ಹೊರಗೆ ಉಳಿಸಿಡಬೇಕು. ಅರ್ಜಿಗಳೆಲ್ಲ ಹೋದ ಮೇಲೆ, ಕೆಲಸವಿಲ್ಲದ ದಿನ ನೋಡಿ, ಒಂದು ಪೆಟ್ಟಿಗೆಯಿಂದ ಆರಂಭಿಸಬೇಕು. ಮೀಸಲು ಪ್ರತಿ ಮಾಡುವ ಕೆಲಸಕ್ಕೆ ಮಾತ್ರ ಯಾವ ಮುಹೂರ್ತವನ್ನೂ ನೋಡಬೇಕಾಗಿಲ್ಲ. ಅದನ್ನು ಇಂದೇ ಮಾಡಬಹುದು. ನಮ್ಮ ವಾಚಕರಲ್ಲಿ ಯಾರಾದರೂ ಮುಂದೆ ಇಂತಹ ಪೆಟ್ಟಿಗೆಗಳ ಹೊಣೆ ಹೊತ್ತರೆ, ಮೊದಲ ದಿನ ಕೇಳಬೇಕಾದ ಪ್ರಶ್ನೆ, ‘ಇದರ ಪ್ರತಿ ಎಲ್ಲಿದೆ? ಅದರಿಂದ ಮರಳಿ ನಿಲ್ಲಿಸಿ ನೋಡಿದ್ದೀರಾ?’ ಎಂಬುದು. ಎರಡಕ್ಕೂ ಉತ್ತರ ದೊರೆತರೆ ನಿಶ್ಚಿಂತೆಯಾಗಿ ಹೊಸದಕ್ಕೆ ಕೈಹಾಕಬಹುದು.